ಪೋರ್ಟರ್ ಮತ್ತು ಸ್ಟೌಟ್: ಮನೆಯ ಪಾಕ, ಸಂಘದ ಪರೀಕ್ಷೆ

ಬಾರ್ಲಿಯ ಮೊಳಕೆ, ನೀರು, ಹಾಪ್ ಎಂಬ ಬಳ್ಳಿಯ ಹೂವು, ಯೀಸ್ಟ್ ಎಂಬ ಸೂಕ್ಷ್ಮಜೀವಿ, ಈ ನಾಲ್ಕರ ಕೂಟದಿಂದ ಬಿಯರ್ ಎಂಬ ಪಾನೀಯವು ಹುಟ್ಟುವುದೆಂಬುದನ್ನು ಬಹುಮಂದಿ ಬಲ್ಲರು. ಆದರೆ ಇದೇ ನಾಲ್ಕು ವಸ್ತುಗಳಿಂದ ಒಂದೆಡೆ ಒಣಹುಲ್ಲಿನ ಬಣ್ಣದ ತಿಳಿಯಾದ ಪಾನೀಯವೂ, ಇನ್ನೊಂದೆಡೆ ಕಾಫಿಯ ಕಷಾಯದಂತೆ ಕಪ್ಪಗಿದ್ದು ಕಂದು ನೊರೆಯನ್ನು ಹೊತ್ತ ಪಾನೀಯವೂ ಆಗುವುದು ಹೇಗೆ? ಈ ಕಪ್ಪು ಬಗೆಗಳಲ್ಲಿ ಹೆಸರಾದವು ಎರಡು: ಪೋರ್ಟರ್ ಮತ್ತು ಸ್ಟೌಟ್. ಇಂಗ್ಲೆಂಡ್ ಮತ್ತು ಅಮೆರಿಕಗಳಲ್ಲಿ ಇವನ್ನು ಕಾರ್ಖಾನೆಗಳಲ್ಲಿ ಮಾತ್ರವಲ್ಲದೆ ಮನೆಯ ಅಡಿಗೆಕೋಣೆಯಲ್ಲಿಯೂ ಸಿದ್ಧಪಡಿಸುವ ಹವ್ಯಾಸಿಗಳಿದ್ದಾರೆ. ಅವರು ಸಂಘಗಳನ್ನು ಕಟ್ಟಿಕೊಂಡು, ತಮ್ಮ ತಮ್ಮ ಪಾಕವನ್ನು ಸ್ಪರ್ಧೆಗೆ ಒಡ್ಡಿ, ಬಲ್ಲವರ ತೀರ್ಪನ್ನು ಕೇಳುತ್ತಾರೆ.

ಹೊರನೋಟಕ್ಕೆ ಇದು ಬಿಡುವಿನ ವೇಳೆಯ ವಿನೋದ. ಆದರೆ ಒಂದು ಸೀಸೆ ಕಪ್ಪು ಬಿಯರಿನ ಹಿಂದೆ ರಸಾಯನಶಾಸ್ತ್ರ, ಜೀವಶಾಸ್ತ್ರ, ಕಡೆಗೆ ಸಂಖ್ಯಾಶಾಸ್ತ್ರ ಕೂಡ ನಿಂತಿವೆ. ಅಷ್ಟೇ ಅಲ್ಲ, ಒಂದು ಕಾಲಕ್ಕೆ ಲಂಡನ್ ನಗರದ ನಿತ್ಯಪಾನೀಯವಾಗಿದ್ದ ಪೋರ್ಟರ್ ಕಣ್ಮರೆಯಾದಾಗ ಅದರ ಪಾಕವನ್ನು ಹುಡುಕಿ ತೆಗೆದವರಲ್ಲಿ ಇಂತಹ ಹವ್ಯಾಸಿಗಳೂ ಇದ್ದರು. ನಮ್ಮ ರಾಜ್ಯದಲ್ಲಿ ಪರವಾನಗಿಯಿಲ್ಲದೆ ಮದ್ಯವನ್ನು ತಯಾರಿಸುವುದನ್ನು 1965ರ ಕರ್ನಾಟಕ ಅಬಕಾರಿ ಅಧಿನಿಯಮವು ನಿಷೇಧಿಸಿದೆ. ಆದುದರಿಂದ ಮುಂದಿನ ವಿವರಗಳನ್ನು ವಾಚಕರು ವಿಜ್ಞಾನದ ತಿಳಿವಳಿಕೆಗಾಗಿ ಮಾತ್ರ ಓದತಕ್ಕದ್ದು.

ಹೊರೆಯಾಳುಗಳ ಪಾನೀಯ

ಪೋರ್ಟರ್ ಎಂದರೆ ಹೊರೆ ಹೊರುವವನು. 18ನೆಯ ಶತಮಾನದ ಮೊದಲ ಭಾಗದಲ್ಲಿ ಲಂಡನ್ನಿನ ಬೀದಿಗಳಲ್ಲಿಯೂ ಥೇಮ್ಸ್ ನದಿಯ ದಡದಲ್ಲಿಯೂ ಸರಕು ಸಾಗಿಸುತ್ತಿದ್ದ ಹಮಾಲರು ಒಂದು ಬಗೆಯ ಕಂದು ಬಿಯರನ್ನು ಬಹುವಾಗಿ ಮೆಚ್ಚಿದರು. ಅವರ ಹೆಸರೇ ಅದಕ್ಕೆ ಅಂಟಿಕೊಂಡಿತು. ರಾಲ್ಫ್ ಹಾರ್ವುಡ್ ಎಂಬಾತನು 1722ರಲ್ಲಿ ಇದನ್ನು ಕಂಡುಹಿಡಿದನೆಂದು ಒಂದು ಕಥೆಯಿದೆ. ಆದರೆ ಆ ಕಥೆಯು ವಿವರವಾಗಿ ಅಚ್ಚಾಗಿ ಬಳಕೆಗೆ ಬಂದದ್ದು 1802ರಲ್ಲಿ, ಎಂದರೆ ಎಂಬತ್ತು ವರ್ಷಗಳ ಅನಂತರ. ಇಂದಿನ ಇತಿಹಾಸಕಾರರು ಅದನ್ನು ಒಪ್ಪುವುದಿಲ್ಲ. ಲಂಡನ್ನಿನಲ್ಲಿ ಮೊದಲೇ ಇದ್ದ ಕಂದು ಬಿಯರಿಗೆ ಹಾಪ್ ಹೂವನ್ನು ಹೆಚ್ಚಿಸಿ, ತಿಂಗಳುಗಟ್ಟಲೆ ತೊಟ್ಟಿಗಳಲ್ಲಿ ಹಣ್ಣಾಗಿಸಿದುದರಿಂದ ಪೋರ್ಟರ್ ಕ್ರಮೇಣ ರೂಪುಗೊಂಡಿತೆಂಬುದು ಅವರ ಅಭಿಪ್ರಾಯ.

ಹಾಗಾದರೆ ಸ್ಟೌಟ್? ಆ ಕಾಲದ ಇಂಗ್ಲಿಷಿನಲ್ಲಿ ಬಿಯರಿನ ಮಟ್ಟಿಗೆ ಸ್ಟೌಟ್ ಎಂದರೆ ಬಲವಾದದ್ದು ಎಂದರ್ಥ. ಹೆಚ್ಚು ಬಲವುಳ್ಳ ಪೋರ್ಟರನ್ನು ಸ್ಟೌಟ್ ಪೋರ್ಟರ್ ಎಂದು ಕರೆದರು. ಬರುಬರುತ್ತ ಎರಡನೆಯ ಪದ ಉದುರಿಹೋಗಿ ಮೊದಲನೆಯದು ಉಳಿಯಿತು. 1759ರಲ್ಲಿ ಆರ್ಥರ್ ಗಿನ್ನೆಸ್ ಎಂಬಾತನು ಡಬ್ಲಿನ್ ನಗರದ ಸೇಂಟ್ ಜೇಮ್ಸಸ್ ಗೇಟಿನಲ್ಲಿ ಒಂದು ಬಿಯರ್ ಕಾರ್ಖಾನೆಯನ್ನು ವರ್ಷಕ್ಕೆ 45 ಪೌಂಡುಗಳಂತೆ 9,000 ವರ್ಷಗಳ ಗುತ್ತಿಗೆಗೆ ಹಿಡಿದನು. 1799ರಲ್ಲಿ ಆತನು ಇತರ ಬಗೆಗಳನ್ನೆಲ್ಲ ಕೈಬಿಟ್ಟು ಪೋರ್ಟರಿಗೇ ಕಟ್ಟುಬಿದ್ದನು. ಇಂದು ಲೋಕವು ಸ್ಟೌಟ್ ಎಂದು ಬಲ್ಲ ಪಾನೀಯವು ಆ ಪೋರ್ಟರಿನ ವಂಶದ್ದೇ. ಭಾರತದೊಡನೆಯೂ ಇದಕ್ಕೆ ನಂಟಿತ್ತು. ಇಲ್ಲಿದ್ದ ಬ್ರಿಟಿಷ್ ಸಿಪಾಯಿಗಳಿಗಾಗಿ 19ನೆಯ ಶತಮಾನದಲ್ಲಿ ಪೋರ್ಟರ್ ಪೀಪಾಯಿಗಳು ಹಡಗುಗಳಲ್ಲಿ ಬರುತ್ತಿದ್ದವು.

ಬೇಡಿಕೆ ಬೆಳೆದಂತೆ ಲಂಡನ್ನಿನ ಕಾರ್ಖಾನೆಗಳು ಒಂದಕ್ಕಿಂತ ಒಂದು ದೊಡ್ಡದಾದ ಮರದ ತೊಟ್ಟಿಗಳನ್ನು ಕಟ್ಟಿದವು. ಈ ಪೈಪೋಟಿಗೆ ತೆತ್ತ ಬೆಲೆ ಘೋರವಾದುದು. 1814ನೆಯ ಅಕ್ಟೋಬರ್ 17ರಂದು ಟಾಟನ್‌ಹ್ಯಾಮ್ ಕೋರ್ಟ್ ರಸ್ತೆಯ ಬಳಿ ಮ್ಯೂ ಮತ್ತು ಕಂಪೆನಿಯ ಕಾರ್ಖಾನೆಯಲ್ಲಿ 22 ಅಡಿ ಎತ್ತರದ ತೊಟ್ಟಿಯೊಂದರ ಕಬ್ಬಿಣದ ಬಳೆಯು ಜಾರಿತು. ತುಸು ಹೊತ್ತಿನಲ್ಲಿ ತೊಟ್ಟಿ ಸಿಡಿಯಿತು. ಅದರಲ್ಲಿ 3,500 ಪೀಪಾಯಿಗಳಿಗಿಂತ ಹೆಚ್ಚು ಪೋರ್ಟರ್ ಇದ್ದಿತು. ಗೋಡೆಯನ್ನೊಡೆದು ಹೊರಕ್ಕೆ ನುಗ್ಗಿದ ಪ್ರವಾಹವು ಹಿಂಬದಿಯ ಬಡವರ ಮನೆಗಳನ್ನು ಕೆಡವಿ ಎಂಟು ಜೀವಗಳನ್ನು ಬಲಿ ತೆಗೆದುಕೊಂಡಿತು. ಸತ್ತವರೆಲ್ಲರೂ ಹೆಂಗಸರು ಮತ್ತು ಮಕ್ಕಳು. ಇದು ಆಕಸ್ಮಿಕವೆಂದು ವಿಚಾರಣೆಯಲ್ಲಿ ತೀರ್ಪಾಯಿತು. ಚೆಲ್ಲಿಹೋದ ಬಿಯರಿನ ಮೇಲೆ ಕೊಟ್ಟಿದ್ದ ಸುಂಕವು ಕಂಪೆನಿಗೆ ಮರಳಿ ದೊರೆಯಿತು.

ಅಳತೆಯು ಪಾಕವನ್ನು ಬದಲಿಸಿದ ಬಗೆ

ಮೊದಮೊದಲು ಪೋರ್ಟರನ್ನು ಕಂದು ಮಾಲ್ಟ್ ಒಂದರಿಂದಲೇ ಮಾಡುತ್ತಿದ್ದರು. ಮಾಲ್ಟ್ ಎಂದರೆ ಮೊಳಕೆ ಬರಿಸಿ ಒಣಗಿಸಿದ ಧಾನ್ಯ. ನಮ್ಮ ಮನೆಗಳಲ್ಲಿ ಮಕ್ಕಳಿಗಾಗಿ ರಾಗಿಯನ್ನು ಮೊಳಕೆ ಕಟ್ಟಿ ಒಣಗಿಸುವುದಿಲ್ಲವೆ, ಅದೇ ಕ್ರಮ. ಲಂಡನ್ನಿನವರು ಮೊಳೆತ ಬಾರ್ಲಿಯನ್ನು ಕಟ್ಟಿಗೆಯ ಉರಿಯಲ್ಲಿ ಕಂದಾಗುವವರೆಗೆ ಕಾಯಿಸುತ್ತಿದ್ದರು. ಯಾವ ಧಾನ್ಯದಿಂದ ಎಷ್ಟು ಸತ್ತ್ವ ಇಳಿಯಿತೆಂಬುದನ್ನು ನಾಲಗೆಯೇ ಹೇಳಬೇಕಾಗಿತ್ತು.

18ನೆಯ ಶತಮಾನದ ಉತ್ತರಾರ್ಧದಲ್ಲಿ ಮೈಕೇಲ್ ಕೊಂಬ್ರೂನ್ ಎಂಬಾತನು ಈ ಕಸುಬಿಗೆ ಉಷ್ಣಮಾಪಕವನ್ನು ತಂದನು. 1784ರಲ್ಲಿ ಜಾನ್ ರಿಚರ್ಡ್‌ಸನ್ ಎಂಬಾತನು ತೇಲುಮಾಪಕದಿಂದ ರಸದ ಸಾಂದ್ರತೆಯನ್ನು ಅಳೆದು ತನ್ನ ಲೆಕ್ಕಗಳನ್ನು ಪ್ರಕಟಿಸಿದನು. ಆಗ ಒಂದು ಅಚ್ಚರಿಯ ಸಂಗತಿ ಬಯಲಾಯಿತು. ಅಗ್ಗವೆಂದು ಕೊಳ್ಳುತ್ತಿದ್ದ ಕಂದು ಮಾಲ್ಟಿನಿಂದ ಇಳಿಯುವ ಸಕ್ಕರೆಯು ತಿಳಿಬಣ್ಣದ ಮಾಲ್ಟಿನಿಂದ ಇಳಿಯುವುದಕ್ಕಿಂತ ಬಹಳ ಕಡಿಮೆ. ಲೆಕ್ಕ ಹಾಕಿದರೆ ಅಗ್ಗವಾದುದೇ ತುಟ್ಟಿ. ಕಾರ್ಖಾನೆಗಳು ತಿಳಿ ಮಾಲ್ಟಿನ ಕಡೆಗೆ ತಿರುಗಿದವು. ಆದರೆ ಪೋರ್ಟರ್ ಕಪ್ಪಗಿರಬೇಡವೆ? ಬಣ್ಣ ಬರಿಸಲು ಸುಟ್ಟ ಸಕ್ಕರೆಯೇ ಮೊದಲಾದ ಹೊರಗಿನ ಪದಾರ್ಥಗಳು ಬಂದು ಸೇರಿದವು. ಮಾಲ್ಟ್ ಮತ್ತು ಹಾಪ್ ಹೊರತು ಬೇರೇನನ್ನೂ ಬೆರೆಸಬಾರದೆಂದು 1816ರಲ್ಲಿ ಕಾನೂನಾಯಿತು. ಮರುವರ್ಷವೇ, 1817ರಲ್ಲಿ, ಡೇನಿಯಲ್ ವೀಲರ್ ಎಂಬಾತನು ಈ ತೊಡಕನ್ನು ಬಿಡಿಸಿದನು. ಕಾಫಿಬೀಜವನ್ನು ಹುರಿಯುವಂತೆ ತಿರುಗುವ ಉರುಳೆಯಲ್ಲಿ ಮಾಲ್ಟನ್ನು ಕಪ್ಪಾಗುವವರೆಗೆ ಹುರಿಯುವ ವಿಧಾನಕ್ಕೆ ಅವನು ಸನ್ನದು ಪಡೆದನು. ಅಂದಿನಿಂದ ತಿಳಿ ಮಾಲ್ಟ್ ಬಹುಪಾಲು, ಹುರಿದ ಮಾಲ್ಟ್ ಚಿಟಿಕೆಯಷ್ಟು ಎಂಬ ಸೂತ್ರವೇ ಕಪ್ಪು ಬಿಯರಿನ ತಳಹದಿಯಾಯಿತು.

ಕಪ್ಪಿನ ರಸಾಯನ

ಹುರಿಯುವಾಗ ಆಗುವುದೇನು? ರಾಗಿಯನ್ನು ಹುರಿಹಿಟ್ಟಿಗೆಂದು ಬಾಣಲೆಗೆ ಹಾಕಿದಾಗ ಮನೆತುಂಬ ಹರಡುವ ಪರಿಮಳವನ್ನು ನೆನೆಯಬಹುದು. ಧಾನ್ಯದಲ್ಲಿರುವ ಸಕ್ಕರೆಗಳೂ ಅಮೈನೊ ಆಮ್ಲಗಳೂ ಶಾಖದಲ್ಲಿ ಕೂಡಿ ನೂರಾರು ಹೊಸ ಸಂಯುಕ್ತಗಳನ್ನು ಹುಟ್ಟಿಸುತ್ತವೆ. ಫ್ರಾನ್ಸಿನ ಲೂಯಿ ಕಾಮಿಲ್ ಮಯ್ಯಾರ್ 1912ರಲ್ಲಿ ಈ ಕ್ರಿಯೆಯನ್ನು ವಿವರಿಸಿದನು. ಅದು ಅವನ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ತಿಳಿ ಮಾಲ್ಟನ್ನು ಸುಮಾರು 80ರಿಂದ 100 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಒಣಗಿಸಿದರೆ ಸಾಕು. ಕಪ್ಪು ಮಾಲ್ಟಿಗೆ 200 ಡಿಗ್ರಿಯನ್ನೂ ಮೀರಿದ ಶಾಖ ಬೇಕು. ಇವೆರಡರ ನಡುವಿನ ಒಂದೊಂದು ಮೆಟ್ಟಿಲಿನಲ್ಲಿಯೂ ಬಿಸ್ಕತ್ತು, ಸುಟ್ಟ ರೊಟ್ಟಿ, ಚಾಕೊಲೇಟ್, ಕಾಫಿ ಹೀಗೆ ಒಂದೊಂದು ರುಚಿ ಇದೆ.

ಶಾಖವು ರುಚಿಯನ್ನು ಕೊಡುವುದರೊಡನೆ ಕಿಣ್ವಗಳನ್ನು ಕೊಲ್ಲುತ್ತದೆ. ಮೊಳಕೆಯಲ್ಲಿರುವ ಅಮಿಲೇಸ್ ಕಿಣ್ವಗಳೇ ಪಿಷ್ಟವನ್ನು ಒಡೆದು ಸಕ್ಕರೆ ಮಾಡತಕ್ಕವು. ಕಪ್ಪು ಮಾಲ್ಟಿನಲ್ಲಿ ಅವು ಇಲ್ಲವಾದುದರಿಂದ ಅದರಿಂದಲೇ ಬಿಯರ್ ಮಾಡುವುದು ಸಾಧ್ಯವಿಲ್ಲ. ತಿಳಿ ಮಾಲ್ಟಿನ ಆಸರೆ ಬೇಕೇ ಬೇಕು.

ನೀರಿನ ಪಾತ್ರವೂ ಕಡಿಮೆಯದಲ್ಲ. ಲಂಡನ್ನಿನ ನೀರು ಸುಣ್ಣಶಿಲೆಯ ಪದರಗಳಿಂದ ಬರುವುದರಿಂದ ಅದರಲ್ಲಿ ಬೈಕಾರ್ಬೊನೇಟುಗಳು ಹೆಚ್ಚು. ಇಂತಹ ಕ್ಷಾರಗುಣದ ನೀರಿನಲ್ಲಿ ತಿಳಿ ಮಾಲ್ಟನ್ನಷ್ಟೇ ನೆನೆಸಿದರೆ ಕಿಣ್ವಗಳ ಕೆಲಸ ಕುಂಠಿತವಾಗುತ್ತದೆ, ಹೊಟ್ಟಿನ ಒಗರು ರಸಕ್ಕೆ ಇಳಿಯುತ್ತದೆ. ಹುರಿದ ಮಾಲ್ಟ್ ಆಮ್ಲಗುಣವುಳ್ಳದ್ದು. ಅದು ನೀರಿನ ಕ್ಷಾರವನ್ನು ತಗ್ಗಿಸಿ ರಸವನ್ನು ಹದಕ್ಕೆ ತರುತ್ತದೆ. ಈ ಹದವನ್ನು ಇಂದು ಪಿ.ಎಚ್. ಎಂಬ ಅಂಕದಿಂದ ಅಳೆಯುತ್ತೇವೆ, 5.2ರಿಂದ 5.6ರವರೆಗೆ ಇದ್ದರೆ ಉತ್ತಮ. ಈ ಅಳತೆಗೋಲನ್ನು 1909ರಲ್ಲಿ ಸೋರೆನ್‌ಸೆನ್ ಎಂಬ ವಿಜ್ಞಾನಿಯು ರೂಪಿಸಿದ್ದೂ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಬಿಯರ್ ಕಾರ್ಖಾನೆಗೆ ಸೇರಿದ ಪ್ರಯೋಗಶಾಲೆಯಲ್ಲಿಯೇ. ಲಂಡನ್ನಿನ ನೀರಿಗೆ ಕಪ್ಪು ಪಾಕವೇ ಒಗ್ಗಿದ ಗುಟ್ಟನ್ನು ಹಮಾಲರ ಕಾಲದವರು ಅರಿಯರು. ರುಚಿ ಮಾತ್ರ ಅವರನ್ನು ಸರಿಯಾದ ದಾರಿಗೆ ತಂದಿತ್ತು. ಇದಕ್ಕೆ ಮರುಮಗ್ಗುಲೂ ಉಂಟು. ತೀರ ಮೆದುವಾದ ನೀರಿನಲ್ಲಿ ಕಪ್ಪು ಮಾಲ್ಟನ್ನು ಧಾರಾಳವಾಗಿ ಹಾಕಿದರೆ ಆಮ್ಲವು ಮಿತಿಮೀರಿ ಪಾನೀಯವು ಚುರುಕು ಹುಳಿಯಾಗುತ್ತದೆ. ಸ್ಪರ್ಧೆಗೆ ಬರುವ ಎಷ್ಟೋ ಸ್ಟೌಟುಗಳು ಇಲ್ಲಿಯೇ ಮುಗ್ಗರಿಸುತ್ತವೆ.

ಅಡಿಗೆಕೋಣೆಯಲ್ಲಿ

ಇಪ್ಪತ್ತು ಲೀಟರ್ ಪೋರ್ಟರಿಗೆ ಹವ್ಯಾಸಿಯು ತೆಗೆದುಕೊಳ್ಳುವ ಪ್ರಮಾಣ ಸುಮಾರು ಹೀಗಿರುತ್ತದೆ: ತಿಳಿ ಮಾಲ್ಟ್ ಮೂರೂವರೆ ಕಿಲೋಗ್ರಾಂ, ಕಂದು ಮಾಲ್ಟ್ 450 ಗ್ರಾಂ, ಸಕ್ಕರೆಪಾಕದ ರುಚಿಯ ಕ್ರಿಸ್ಟಲ್ ಮಾಲ್ಟ್ 250 ಗ್ರಾಂ, ಚಾಕೊಲೇಟ್ ಮಾಲ್ಟ್ 200 ಗ್ರಾಂ. ಕೊನೆಯದರಲ್ಲಿ ಚಾಕೊಲೇಟು ಇರುವುದಿಲ್ಲ, ಬಣ್ಣದಿಂದ ಬಂದ ಹೆಸರು. ತರಿತರಿಯಾಗಿ ಒಡೆದ ಈ ಧಾನ್ಯವನ್ನು ಸುಮಾರು 11 ಲೀಟರ್ ಬಿಸಿನೀರಿಗೆ ಕಲಸಿ 66 ಡಿಗ್ರಿಯಲ್ಲಿ ಒಂದು ಗಂಟೆ ಇಡಬೇಕು. ಶಾಖ ಇದಕ್ಕಿಂತ ನಾಲ್ಕು ಡಿಗ್ರಿ ಇಳಿದರೆ ಯೀಸ್ಟ್ ಸುಲಭವಾಗಿ ತಿನ್ನಬಲ್ಲ ಸಕ್ಕರೆ ಹೆಚ್ಚಿ ಪಾನೀಯವು ತೆಳುವಾಗುತ್ತದೆ. ನಾಲ್ಕು ಡಿಗ್ರಿ ಏರಿದರೆ ಯೀಸ್ಟಿಗೆ ದಕ್ಕದ ಸಕ್ಕರೆಗಳು ಉಳಿದು ಬಾಯಿಗೆ ದಪ್ಪವೆನಿಸುತ್ತದೆ. ಬಳಿಕ ರಸವನ್ನು ಬಸಿದು, ಮತ್ತೆ ಬಿಸಿನೀರಿನಿಂದ ಧಾನ್ಯವನ್ನು ತೊಳೆದು, ಕೂಡಿದ ರಸವನ್ನು 40 ಗ್ರಾಂ ಗೋಲ್ಡಿಂಗ್ಸ್ ಹಾಪಿನೊಡನೆ ಒಂದು ಗಂಟೆ ಕುದಿಸುತ್ತಾರೆ.

ನೀರಿನ ಸಾಂದ್ರತೆಯನ್ನು 1.000 ಎಂದಿಟ್ಟುಕೊಂಡರೆ ಈ ರಸದ ಸಾಂದ್ರತೆ ಸುಮಾರು 1.045 ಬರಬೇಕು. ಬೇಗನೆ ತಣಿಸಿ ಯೀಸ್ಟ್ ಬೆರೆಸಿ 18ರಿಂದ 20 ಡಿಗ್ರಿಯಲ್ಲಿಟ್ಟರೆ ಕೆಲವು ದಿನಗಳಲ್ಲಿ ಸಕ್ಕರೆಯು ಮದ್ಯಸಾರವಾಗಿಯೂ ಇಂಗಾಲಾಮ್ಲ ವಾಯುವಾಗಿಯೂ ಒಡೆಯುತ್ತದೆ. ಸಾಂದ್ರತೆಯು ಸುಮಾರು 1.012ಕ್ಕೆ ಇಳಿಯುತ್ತದೆ. ಈ ಎರಡು ಅಂಕಗಳ ಅಂತರದಿಂದ ಮದ್ಯಸಾರವು ಶೇಕಡ 4.3ರಷ್ಟೆಂದು ತಿಳಿಯುತ್ತದೆ.

ಕೊನೆಯ ಹಂತವೇ ಅಪಾಯದ್ದು. ನೊರೆಗಾಗಿ 90 ಗ್ರಾಂ ಸಕ್ಕರೆಯನ್ನು ಇಡೀ ಇಪ್ಪತ್ತು ಲೀಟರಿಗೆ ಬೆರೆಸಿ ಸೀಸೆಗಳಿಗೆ ತುಂಬಿ ಮುಚ್ಚುತ್ತಾರೆ. ಉಳಿದ ಯೀಸ್ಟ್ ಅದನ್ನು ತಿಂದು ವಾಯುವನ್ನು ಬಿಡುತ್ತದೆ. ಹುದುಗುವಿಕೆ ಮುಗಿಯುವ ಮುನ್ನ ಆತುರಪಟ್ಟು ತುಂಬಿದರೆ, ಇಲ್ಲವೆ ಸಕ್ಕರೆ ಇಮ್ಮಡಿಯಾದರೆ, ಒತ್ತಡ ತಾಳದೆ ಗಾಜು ಸಿಡಿಯುತ್ತದೆ. 1814ರ ತೊಟ್ಟಿಯನ್ನು ಒಡೆದದ್ದು ದ್ರವದ ಭಾರ ಮತ್ತು ಸಡಿಲಿದ ಬಳೆ. ಸೀಸೆಯನ್ನು ಒಡೆಯುವುದು ವಾಯು. ಕಾರಣ ಬೇರೆಯಾದರೂ ಎಚ್ಚರಿಕೆ ಒಂದೇ: ಪಾತ್ರೆಯು ತಾಳಬಲ್ಲ ಒತ್ತಡವನ್ನು ಅರಿಯದೆ ಮುಚ್ಚಳ ಹಾಕಬಾರದು. ಆದುದರಿಂದಲೇ ಬಲ್ಲವರು ತೇಲುಮಾಪಕವು ಎರಡು ಮೂರು ದಿನ ಒಂದೇ ಅಂಕವನ್ನು ತೋರಿಸುವವರೆಗೆ ಕಾಯುತ್ತಾರೆ.

ಕಾಣದ ಜೀವಿಗಳು

1871ರಲ್ಲಿ ಲೂಯಿ ಪಾಶ್ಚರ್ ಲಂಡನ್ನಿನ ಒಂದು ದೊಡ್ಡ ಕಾರ್ಖಾನೆಗೆ ಭೇಟಿಕೊಟ್ಟು ಅಲ್ಲಿನ ಪೋರ್ಟರಿನ ಯೀಸ್ಟನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದನು. ಯೀಸ್ಟಿನ ನಡುವೆ ಬೇಡದ ಜೀವಿಗಳೂ ಇದ್ದವು. ಆ ಬಿಯರು ಕೆಡುತ್ತಿರಬೇಕೆಂದು ಆತನು ನೋಡಿದೊಡನೆ ಊಹಿಸಿದನು. ಕಾರ್ಖಾನೆಯವರು ಕೆಲವೇ ದಿನಗಳಲ್ಲಿ ತಾವೇ ಒಂದು ಸೂಕ್ಷ್ಮದರ್ಶಕವನ್ನು ಕೊಂಡುಕೊಂಡರು. ಬಿಯರನ್ನು ಕುರಿತ ಪಾಶ್ಚರನ ಗ್ರಂಥವು 1876ರಲ್ಲಿ ಹೊರಬಂದಿತು.

ಹಾಗೆಂದು ಹೊರಗಿನ ಜೀವಿಗಳೆಲ್ಲ ಶತ್ರುಗಳೇ ಎನ್ನುವಂತಿಲ್ಲ. ಹಳೆಯ ಇಂಗ್ಲಿಷ್ ಬಿಯರುಗಳ ವಿಶಿಷ್ಟ ರುಚಿಗೆ ಕಾರಣವಾದ ಬೇರೊಂದು ಬಗೆಯ ಯೀಸ್ಟನ್ನು ಕ್ಲಾಸೆನ್ ಎಂಬ ಡೇನಿಷ್ ವಿಜ್ಞಾನಿಯು 1904ರಲ್ಲಿ ಪ್ರಕಟಪಡಿಸಿ, ಬ್ರಿಟಿಷ್ ಶಿಲೀಂಧ್ರವೆಂಬ ಅರ್ಥದಲ್ಲಿ ಅದಕ್ಕೆ ಬ್ರೆಟಾನೊಮೈಸಿಸ್ ಎಂದು ಹೆಸರಿಟ್ಟನು. ತಿಂಗಳುಗಟ್ಟಲೆ ಮರದ ತೊಟ್ಟಿಯಲ್ಲಿದ್ದ ಹಳೆಯ ಪೋರ್ಟರಿನಲ್ಲಿ ಇದರ ಕೈವಾಡವಿದ್ದಿರಬೇಕು. ಆದರೆ ಇಂದಿನ ಸ್ಪರ್ಧೆಯಲ್ಲಿ ಸಾಮಾನ್ಯ ಪೋರ್ಟರಿಗೆ ಆ ವಾಸನೆ ಬಂದರೆ ಅದು ದೋಷ! ಅಂದಿನ ಹಮಾಲನು ಮೆಚ್ಚಿದ್ದನ್ನು ಇಂದಿನ ತೀರ್ಪುಗಾರನು ತಳ್ಳಿಬಿಡಬಹುದು.

ತೀರ್ಪುಗಾರರ ಮೇಜು

ತೀರ್ಪುಗಾರರಿಗೆ ಅರ್ಹತಾ ಪರೀಕ್ಷೆಯನ್ನು ನಡೆಸುವ ಅಮೆರಿಕದ ಸಂಸ್ಥೆಯೊಂದು 1985ರಲ್ಲಿ ಸ್ಥಾಪನೆಯಾಯಿತು. ಅದರ ಪದ್ಧತಿಯನ್ನು ಹಲವು ದೇಶಗಳ ಸಂಘಗಳು ಅನುಸರಿಸುತ್ತವೆ. ಸೀಸೆಯ ಮೇಲೆ ಮಾಡಿದವನ ಹೆಸರಿರುವುದಿಲ್ಲ, ಸಂಖ್ಯೆ ಮಾತ್ರ ಇರುತ್ತದೆ. ಒಟ್ಟು 50 ಅಂಕಗಳು: ಪರಿಮಳಕ್ಕೆ 12, ನೋಟಕ್ಕೆ 3, ರುಚಿಗೆ 20, ಬಾಯಿಯ ಸ್ಪರ್ಶಕ್ಕೆ 5, ಒಟ್ಟು ಪರಿಣಾಮಕ್ಕೆ 10. ಬೆಣ್ಣೆಯ ವಾಸನೆಯಿದ್ದರೆ ಯೀಸ್ಟಿಗೆ ಸಾಕಷ್ಟು ಕಾಲ ಕೊಡಲಿಲ್ಲವೆಂದೂ, ಹುಳಿಯಿದ್ದರೆ ಶುಚಿ ತಪ್ಪಿತೆಂದೂ, ಸುಟ್ಟ ಒಗರಿದ್ದರೆ ಕಪ್ಪು ಮಾಲ್ಟ್ ಹೆಚ್ಚಾಯಿತೆಂದೂ ಅವರು ಬರೆದುಕೊಡುತ್ತಾರೆ. ಪದಕಕ್ಕಿಂತ ಈ ಬರಹವೇ ಹವ್ಯಾಸಿಗೆ ಹೆಚ್ಚಿನ ಲಾಭ.

ಪೋರ್ಟರ್ ಯಾವುದು, ಸ್ಟೌಟ್ ಯಾವುದು ಎಂಬ ಜಿಜ್ಞಾಸೆ ಇಲ್ಲಿ ತಲೆಯೆತ್ತುತ್ತದೆ. ಈ ಸಂಸ್ಥೆಯ ಸೂಚಿಯಂತೆ ಇಂಗ್ಲಿಷ್ ಪೋರ್ಟರಿನ ಮೊದಲ ಸಾಂದ್ರತೆ 1.040ರಿಂದ 1.052, ಐರಿಷ್ ಸ್ಟೌಟಿನದು 1.036ರಿಂದ 1.044. ಬಲವಾದದ್ದು ಎಂಬ ಅರ್ಥದ ಹೆಸರನ್ನು ಹೊತ್ತ ಸ್ಟೌಟೇ ಇಲ್ಲಿ ಪೋರ್ಟರಿಗಿಂತ ಹಗುರ! ಮೊಳೆಯದ ಬಾರ್ಲಿಯನ್ನು ಹುರಿದು ಹಾಕಿದರೆ ಸ್ಟೌಟ್, ಇಲ್ಲದಿದ್ದರೆ ಪೋರ್ಟರ್ ಎಂದು ಕೆಲವರು ಗೆರೆ ಎಳೆಯುತ್ತಾರೆ. ಆದರೆ ಬ್ರಿಟನ್ನಿನ ಕಾರ್ಖಾನೆಗಳಿಗೆ ಮೊಳೆಯದ ಧಾನ್ಯವನ್ನು ಬಳಸುವ ಸ್ವಾತಂತ್ರ್ಯ ದೊರೆತದ್ದೇ 1880ರ ಕಾನೂನಿನಿಂದ. ಅದಕ್ಕೆ ಮೊದಲು ಸ್ಟೌಟ್ ಇರಲಿಲ್ಲವೆ? ಹೆಸರು ಉಳಿದು ಅರ್ಥ ಸರಿದುಹೋಗಿದೆ. ಹೀಗಿದ್ದರೂ ಸ್ಪರ್ಧಿಯು ಒಂದು ವಿಭಾಗವನ್ನು ಆರಿಸಲೇಬೇಕು. ಉತ್ತಮ ಪಾನೀಯವೂ ತಪ್ಪು ವಿಭಾಗದಲ್ಲಿ ಕುಳಿತರೆ ಅಂಕ ಕಳೆದುಕೊಳ್ಳುತ್ತದೆ.

ಆ ಅಂಕಗಳನ್ನಾದರೂ ಎಷ್ಟರಮಟ್ಟಿಗೆ ನಂಬಬಹುದು? ಒಂದು ಪೋರ್ಟರಿಗೆ ಮೂವರು ತೀರ್ಪುಗಾರರು 36, 31, 38 ಕೊಟ್ಟರೆಂದೂ, ಇನ್ನೊಂದಕ್ಕೆ 34, 37, 37 ಕೊಟ್ಟರೆಂದೂ ಇಟ್ಟುಕೊಳ್ಳೋಣ. ಸರಾಸರಿಗಳು 35 ಮತ್ತು 36. ಒಂದೇ ಪಾನೀಯದ ವಿಷಯದಲ್ಲಿ ಏಳು ಅಂಕಗಳಷ್ಟು ಭೇದವಿರುವಾಗ ಎರಡು ಪಾನೀಯಗಳ ನಡುವಣ ಒಂದು ಅಂಕಕ್ಕೆ ಬೆಲೆ ಎಷ್ಟು? ಕೆಲವೇ ಅಳತೆಗಳಿಂದ ಎಷ್ಟು ದೃಢವಾಗಿ ನಿರ್ಣಯಿಸಬಹುದೆಂಬ ಈ ಪ್ರಶ್ನೆಗೆ ಉತ್ತರ ದೊರೆತದ್ದು ಸ್ಟೌಟಿನ ತವರಿನಲ್ಲಿಯೇ ಎಂಬುದು ಸೋಜಿಗ. ವಿಲಿಯಂ ಸೀಲಿ ಗೋಸೆಟ್ 1899ರಲ್ಲಿ ಡಬ್ಲಿನ್ನಿನ ಗಿನ್ನೆಸ್ ಕಾರ್ಖಾನೆಯನ್ನು ಸೇರಿದನು. ಬಾರ್ಲಿ ಮತ್ತು ಹಾಪ್‌ಗಳ ಸಣ್ಣ ಸಣ್ಣ ಪ್ರಯೋಗಗಳೇ ಆತನ ಕೈಗೆ ಸಿಗುತ್ತಿದ್ದುದು. ಅವುಗಳಿಂದ ಸರಿಯಾದ ತೀರ್ಮಾನಕ್ಕೆ ಬರುವ ಗಣಿತವನ್ನು 1908ರಲ್ಲಿ ಸ್ಟೂಡೆಂಟ್ ಎಂಬ ಮರೆಹೆಸರಿನಲ್ಲಿ ಪ್ರಕಟಿಸಿದನು. ಇಂದು ವೈದ್ಯಕೀಯ ಪರೀಕ್ಷೆಗಳಿಂದ ಹಿಡಿದು ಬೇಸಾಯದ ಪ್ರಯೋಗಗಳವರೆಗೆ ಅದು ಬಳಕೆಯಲ್ಲಿದೆ. ಅದರಂತೆ ನಮ್ಮ ಉದಾಹರಣೆಯ ಎರಡು ಪೋರ್ಟರುಗಳಲ್ಲಿ ಯಾವುದು ಮೇಲೆಂದು ಹೇಳಲು ಆಧಾರವಿಲ್ಲ. ರುಚಿಯ ತೀರ್ಪು ಎಷ್ಟು ಚಂಚಲವೆಂಬುದನ್ನು ಕ್ಯಾಲಿಫೋರ್ನಿಯದ ರಾಬರ್ಟ್ ಹಾಜ್‌ಸನ್ 2008ರಲ್ಲಿ ತೋರಿಸಿದನು: ಒಂದೇ ದ್ರಾಕ್ಷಾರಸವನ್ನು ಗುಟ್ಟಾಗಿ ಮೂರು ಬಾರಿ ಕೊಟ್ಟಾಗ ಒಂದೇ ಬಗೆಯ ತೀರ್ಪನ್ನು ಕೊಟ್ಟ ತೀರ್ಪುಗಾರರು ಹತ್ತರಲ್ಲಿ ಒಬ್ಬರಷ್ಟೇ.

ಅಳಿದುದು ಮರಳಿದ ಬಗೆ

19ನೆಯ ಶತಮಾನದ ಕೊನೆಗಾಗಲೇ ಪೋರ್ಟರಿನ ಬೇಡಿಕೆ ಇಳಿಯುತ್ತ ಬಂದಿತ್ತು. ಎರಡು ಮಹಾಯುದ್ಧಗಳ ಧಾನ್ಯದ ಅಭಾವವೂ ನಿರ್ಬಂಧಗಳೂ ಅದನ್ನು ಮತ್ತಷ್ಟು ಕುಗ್ಗಿಸಿದವು. 1950ರ ದಶಕದ ಹೊತ್ತಿಗೆ ಅದು ಇಂಗ್ಲೆಂಡಿನಿಂದ ಬಹುಮಟ್ಟಿಗೆ ಮರೆಯಾಯಿತು. 1970ರ ದಶಕದಲ್ಲಿ ಐರ್ಲೆಂಡಿನ ಗಿನ್ನೆಸ್ ಕೂಡ ಪೋರ್ಟರನ್ನು ನಿಲ್ಲಿಸಿತು. ಸ್ಟೌಟ್ ಉಳಿದರೂ ಅದರ ತಾಯಿ ಅಳಿದಂತಾಯಿತು.

ಆದರೆ ಅಷ್ಟರಲ್ಲಿ ಮತ್ತೊಂದು ಬಾಗಿಲು ತೆರೆದಿತ್ತು. ಬ್ರಿಟನ್ನಿನಲ್ಲಿ ಮನೆಬಳಕೆಗೆ ಬಿಯರ್ ಮಾಡಲು 1880ರಿಂದ ಬೇಕಾಗಿದ್ದ ಪರವಾನಗಿಯು 1963ರಲ್ಲಿ ರದ್ದಾಯಿತು. ಅಮೆರಿಕದಲ್ಲಿ 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿಹಾಕಿದ ಶಾಸನವು ಮನೆಯಲ್ಲಿ ತಯಾರಿಸಿದ ಬಿಯರಿಗೆ, ಮಾರಕೂಡದೆಂಬ ಕಟ್ಟಳೆಯೊಡನೆ, ತೆರಿಗೆಯಿಂದ ವಿನಾಯಿತಿ ಕೊಟ್ಟಿತು. ಲಂಡನ್ನಿನ ಪಶ್ಚಿಮ ಭಾಗದ ಡರ್ಡನ್ ಪಾರ್ಕ್ ಬಿಯರ್ ಸರ್ಕಲ್ ಎಂಬ ಹವ್ಯಾಸಿಗಳ ಸಂಘವು 1970ರ ದಶಕದಲ್ಲಿ ಹಳೆಯ ದಾಖಲೆಗಳನ್ನು ಶೋಧಿಸಿ ಮರೆತುಹೋದ ಪಾಕಗಳನ್ನು ಮತ್ತೆ ಮಾಡಿ ನೋಡಿತು. ಅಂಗಡಿಯಲ್ಲಿ ಸಿಗದ ಕಂದು ಮಾಲ್ಟನ್ನು ಮನೆಯ ಒಲೆಯಲ್ಲಿ ಹುರಿದುಕೊಳ್ಳುವ ಬಗೆಯನ್ನೂ ತನ್ನ ಪುಸ್ತಕದಲ್ಲಿ ತಿಳಿಸಿತು. 1970ರ ದಶಕದ ಕೊನೆಗೆ ಕೆಲವು ಇಂಗ್ಲಿಷ್ ಕಾರ್ಖಾನೆಗಳು ಪೋರ್ಟರನ್ನು ಮರಳಿ ಕೈಗೆತ್ತಿಕೊಂಡವು. ಇಂದು ಅದು ಹಲವು ದೇಶಗಳಲ್ಲಿ ದೊರೆಯುತ್ತದೆ.

ಒಂದು ಪಾಕವು ಬಳಕೆಯಿಂದ ತಪ್ಪಿದಾಗ ಅದರ ಪ್ರಮಾಣದ ಪಟ್ಟಿಯು ಹಳೆಯ ಕಡತದಲ್ಲಿ ಉಳಿದಿರಬಹುದು. ಅದರ ಹದವು ಮಾಡುವವರ ಕೈಯಲ್ಲಿ ಮಾತ್ರ ಇರುತ್ತದೆ. ಆ ಹದವನ್ನು ಮರಳಿ ಪಡೆಯಲು ಬೇರೆ ದಾರಿಯಿಲ್ಲ: ಮಾಡಬೇಕು, ಅಳೆಯಬೇಕು, ಬರೆದಿಡಬೇಕು, ಬಲ್ಲವರಿಗೆ ತೋರಿಸಬೇಕು, ಮತ್ತೆ ಮಾಡಬೇಕು. ಮನೆಯ ಹಂಡೆಯಿಂದ ಸಂಘದ ಮೇಜಿನವರೆಗೆ ಹವ್ಯಾಸಿಗಳು ನಡೆಸುವುದು ಇದನ್ನೇ. ನಮ್ಮ ಹಿರಿಯರ ಕೈಯಲ್ಲಿದ್ದು ಇಂದು ಮರೆಯಾಗುತ್ತಿರುವ ಎಷ್ಟೋ ಧಾನ್ಯಗಳಿಗೂ ಅಡಿಗೆಗಳಿಗೂ ಇದೇ ಕ್ರಮವು ಸಲ್ಲುವುದೆಂದು ನಾವು ಭಾವಿಸುತ್ತೇವೆ.